ಹಲಸು, ಹುಣಸೆ ದಿಮ್ಮಿಗಳಿಂದ ಸ್ಲ್ಯಾಬ್ ವ್ಯಾಪಾರ: ಮೊದಲ ಹಣ ಯಾವುದಕ್ಕೆ?

ಗುಬ್ಬಿ ಕಡೆಯ ನಿಮ್ಮ ತೋಟದಲ್ಲಿ ಗಾಳಿಗೆ ಎರಡು ಹಲಸಿನ ಮರ, ಒಂದು ಹಳೆಯ ಹುಣಸೆ ಮರ ಉರುಳಿವೆ, ಕೊಯ್ಯುವ ಯಂತ್ರ ಕೊಂಡು ಸ್ಲ್ಯಾಬ್ (ದಿಮ್ಮಿಯಿಂದ ಕೊಯ್ದ ದಪ್ಪ, ಅಗಲ ಹಲಗೆ) ಮಾರಾಟ ಆರಂಭಿಸಬಹುದೇ ಎಂದು ಕೇಳಿದ್ದೀರಿ. ತುಮಕೂರಿನ ಹೊರವಲಯದಲ್ಲಿ ಒಂಬತ್ತು ವರ್ಷಗಳಿಂದ ಇದೇ ಕಸುಬು ಮಾಡುತ್ತಿದ್ದೇನೆ. ಖಂಡಿತ ಆರಂಭಿಸಿ, ಆದರೆ ಯಂತ್ರವನ್ನು ಈಗಲೇ ಕೊಳ್ಳಬೇಡಿ. ದಿಮ್ಮಿ ಕೊಯ್ಯುವುದು ಒಂದು ದಿನದ ಕೆಲಸ; ಒಣಗಿಸುವುದು ಎರಡು ಮೂರು ವರ್ಷಗಳ ಕೆಲಸ, ಮತ್ತು ನಿಮ್ಮ ಹಣ ಸಿಕ್ಕಿಕೊಳ್ಳುವುದೂ ಅಲ್ಲಿಯೇ.

ಇನ್ನೊಂದು ಕಾರಣ ಕಾನೂನಿನದು. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶಗಳ ನಂತರ ಸಾಮಿಲ್ ಪರವಾನಗಿಯ ಮೇಲೆ ಬಿಗಿಯಾದ ನಿಯಂತ್ರಣವಿದೆ. ಆದ್ದರಿಂದ ಪರವಾನಗಿ ಇರುವ ಸಾಮಿಲ್ಲಿಗೆ ದಿಮ್ಮಿ ಒಯ್ದು ಕೂಲಿ ಕೊಟ್ಟು ಕೊಯ್ಸುವುದೇ ಸದ್ಯಕ್ಕೆ ಸರಿಯಾದ ದಾರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವೂ ಇರುವುದರಿಂದ, ತಾನಾಗಿ ಬಿದ್ದ ಮರವೇ ಆದರೂ ಲಾರಿಗೆ ಹೇರುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ವಿಚಾರಿಸಿ, ಬೇಕಾದ ಪತ್ರವನ್ನು ಬರಹದಲ್ಲಿಯೇ ಪಡೆಯಿರಿ. ಮನೆಯ ಹತ್ತಿರ ಬೆಳೆದ ಹುಣಸೆಯಲ್ಲಿ ಯಾವ ಕಾಲದಲ್ಲೋ ಹೊಡೆದ ಮೊಳೆಗಳು ಹುದುಗಿರುತ್ತವೆ. ಅವನ್ನು ಹುಡುಕಿ ತೆಗೆಯದಿದ್ದರೆ ಗರಗಸದ ಪಟ್ಟಿ ಹಾಳಾಗುತ್ತದೆ, ಆ ಸಾಮಿಲ್ಲಿನವರು ಮತ್ತೆ ನಿಮ್ಮ ಮರವನ್ನು ಮುಟ್ಟುವುದಿಲ್ಲ.

ಮೊದಲ ಹಣವನ್ನು ಗಾಳಿಯಾಡುವ, ಆದರೆ ಬಿಸಿಲು ಬೀಳದ ಶೆಡ್ಡಿಗೆ ಹಾಕಿ. ನೆರಳಿನಲ್ಲಿ ಒಣಗುವ ಗಟ್ಟಿ ಮರಕ್ಕೆ ಅಂಗುಲ ದಪ್ಪಕ್ಕೊಂದು ವರ್ಷ ಎಂಬುದು ಸ್ಥೂಲವಾದ ಲೆಕ್ಕ. ನೀರು ಹಲಗೆಯ ಮುಖಕ್ಕಿಂತ ತುದಿಗಳಿಂದ ಬಹಳ ಬೇಗ ಹೊರಹೋಗುವುದರಿಂದ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಕೊಯ್ದ ದಿನವೇ ಎರಡೂ ತುದಿಗಳಿಗೆ ಮೇಣ ಅಥವಾ ಎಣ್ಣೆ ಬಣ್ಣ ಬಳಿಯಿರಿ. ಹಲಗೆಗಳ ನಡುವೆ ಒಂದೂವರೆ ಅಡಿಗೊಂದರಂತೆ ಒಣ ರೀಪುಗಳನ್ನು (ತೆಳುವಾದ ಮರದ ಪಟ್ಟಿಗಳನ್ನು) ಇಟ್ಟು ಪೇರಿಸಿ, ಮೇಲಿನ ರೀಪು ಕೆಳಗಿನದರ ನೇರಕ್ಕೇ ಬರಬೇಕು, ಇಲ್ಲದಿದ್ದರೆ ತನ್ನ ಭಾರಕ್ಕೇ ಹಲಗೆ ಸೊಟ್ಟಗಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಶಿವರಾತ್ರಿಯ ನಂತರ ಬೀಸುವ ಒಣಗಾಳಿಯೇ ದೊಡ್ಡ ಶತ್ರು. ಗಾಳಿ ಬರುವ ಮಗ್ಗುಲಿಗೆ ಗೋಣಿತಾಟು ಕಟ್ಟಿ.

ಮೂರನೆಯ ವರ್ಷದಲ್ಲಿ ನಾನೊಂದು ತಪ್ಪು ಮಾಡಿದೆ. ಬೆಂಗಳೂರಿನ ಗ್ರಾಹಕರೊಬ್ಬರು ಅವಸರಪಡಿಸಿದರೆಂದು, ಹದಿನಾಲ್ಕೇ ತಿಂಗಳು ಒಣಗಿದ್ದ ಮೂರಂಗುಲ ದಪ್ಪದ ಹುಣಸೆ ಹಲಗೆಯನ್ನು ಮಾರಿದೆ, ಎ.ಸಿ. ಇದ್ದ ಅವರ ಮನೆಯಲ್ಲಿ ಅದು ಉದ್ದಕ್ಕೂ ಸೀಳಿತು, ನಾನು ಪೂರ್ತಿ ಹಣ ಹಿಂದಿರುಗಿಸಿದೆ. ಆಮೇಲೆ ತೇವಾಂಶ ಅಳೆಯುವ ಮೀಟರ್ ಕೊಂಡೆ. ತೇವಾಂಶ ಶೇ. 12ಕ್ಕೆ ಇಳಿಯದೆ ಯಾವ ಸ್ಲ್ಯಾಬನ್ನೂ ಕೊಡುವುದಿಲ್ಲ.

ಹುಣಸೆಯ ಕಪ್ಪು ಚೇಗು (ಮರದ ನಡುವಿನ ಗಟ್ಟಿ ತಿರುಳು) ಬಹಳ ಸುಂದರವಾದದ್ದು, ಆದರೆ ಅದರ ಸುತ್ತಲಿನ ಅಗಲವಾದ ಬಿಳಿ ಮರಕ್ಕೆ ಹುಳು ಬೇಗ ಬೀಳುತ್ತದೆ. ಹಸಿಯಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕಲಸಿದ ನೀರು ಬಳಿಯಬೇಕು. ಹಲಸಿಗೆ ಈ ಕಾಟ ಕಡಿಮೆ. ಕೊಯ್ದಾಗ ಹಳದಿಯಾಗಿದ್ದು, ಬೆಳಕಿಗೆ ಕ್ರಮೇಣ ಕಂದಾಗುವ ಅದನ್ನು ವೀಣೆ, ಮೃದಂಗ ಮಾಡುವವರೂ ಕೇಳುತ್ತಾರೆ. ಮರವನ್ನು ಒಣಗಿಸುವ ವಿಧಾನಗಳನ್ನು ಕ್ರಮವಾಗಿ ತಿಳಿಯಬೇಕೆಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ.

ಬೆಲೆ ಕಟ್ಟುವಾಗ ಘನ ಅಡಿಯೊಂದನ್ನೇ ನೋಡಬೇಡಿ. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಮೂರಂಗುಲ ದಪ್ಪದ ಹಲಗೆ ಐದು ಘನ ಅಡಿಯಾಗುತ್ತದೆ. ಅದನ್ನು ಎತ್ತಿಡಲು ನಾಲ್ಕು ಆಳು ಬೇಕು, ಕಾಯ್ದ ವರ್ಷಗಳ ಬಡ್ಡಿ ಮತ್ತು ಸೀಳಿ ಹೋದ ಹಲಗೆಗಳ ನಷ್ಟವೂ ಅದರ ಮೇಲೆಯೇ ಬರಬೇಕು.

ನಿಮ್ಮ ಮೂರು ಮರಗಳಲ್ಲಿ ಹಲಸನ್ನು ಮೊದಲು ಕೊಯ್ಸಿ. ಹುಣಸೆಯ ಬುಡದ ತುಂಡುಗಳನ್ನು ಮಾಂಸದಂಗಡಿಯವರು ಮಾಂಸ ಕತ್ತರಿಸುವ ಕೊರಡಿಗೆಂದು ಕೊಳ್ಳುತ್ತಾರೆ; ಸಾಮಿಲ್ಲಿನ ಕೂಲಿಗೆ ಆ ಹಣ ಆಗುತ್ತದೆ.