ಮೊದಲ ಸಲ ರಕ್ತ ಕೊಡುವ ಮುನ್ನ ಏನೇನು ತಿಳಿದಿರಬೇಕು? ತಲೆಸುತ್ತಿ ಬೀಳದಂತೆ ಏನು ಮಾಡಬೇಕು?

ತಲೆಸುತ್ತಿನಿಂದಲೇ ಶುರು ಮಾಡುತ್ತೇನೆ. ಒಮ್ಮೆ ರಕ್ತ ಕೊಟ್ಟವರು ಮತ್ತೆ ಆ ಕಡೆ ತಲೆ ಹಾಕದಿರಲು ಅದೂ ಒಂದು ದೊಡ್ಡ ಕಾರಣ. ಆದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು.

ವಯಸ್ಕರ ಮೈಯಲ್ಲಿ ಪ್ರತಿ ಕೆಜಿ ತೂಕಕ್ಕೆ ಸುಮಾರು 65ರಿಂದ 70 ಮಿಲಿ ರಕ್ತವಿರುತ್ತದೆ. 50 ಕೆಜಿ ತೂಗುವವರಲ್ಲಿ ಹೆಚ್ಚೆಂದರೆ ಮೂರೂವರೆ ಲೀಟರ್. ಅದರಲ್ಲಿ 350 ಅಥವಾ 450 ಮಿಲಿ ಹತ್ತು ನಿಮಿಷದೊಳಗೆ ಹೊರಹೋಗುತ್ತದೆ. ಸಾಮಾನ್ಯವಾಗಿ 45 ಅಥವಾ 50 ಕೆಜಿಗಿಂತ ಕಡಿಮೆ ತೂಕದವರಿಂದ ತೆಗೆದುಕೊಳ್ಳದಿರುವುದು ಇದಕ್ಕೇ. ರಕ್ತ ಕಡಿಮೆಯಾದದ್ದರ ಜೊತೆಗೆ ಸೂಜಿಯ ಭಯ, ನಿದ್ದೆಗೇಡು, ಖಾಲಿ ಹೊಟ್ಟೆ ಸೇರಿಕೊಂಡರೆ ಮಿದುಳಿನಿಂದ ಹೃದಯ, ಹೊಟ್ಟೆಯ ಕಡೆಗೆ ಇಳಿಯುವ ವೇಗಸ್ ನರ ಕೆರಳುತ್ತದೆ. ಹೃದಯದ ಬಡಿತ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲಗೊಳ್ಳುತ್ತವೆ, ಬಿಪಿ ಥಟ್ಟನೆ ಇಳಿಯುತ್ತದೆ. ಬೆವರು, ಆಕಳಿಕೆ, ಹೊಟ್ಟೆ ತೊಳಸುವುದು, ಕಣ್ಣು ಮಂಜಾಗುವುದು ಇದರ ಮುನ್ಸೂಚನೆ. ಎಳೆಯ ವಯಸ್ಸಿನವರು, ತೂಕ ಕಡಿಮೆ ಇರುವವರು, ಮೊದಲ ಸಲ ಕೊಡುವವರು ಹೆಚ್ಚು ಎಚ್ಚರವಾಗಿರಬೇಕು.

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಎರಡು ಮೂರು ಗಂಟೆ ಮೊದಲು ಊಟವೋ ತಿಂಡಿಯೋ ಆಗಿರಲಿ, ಉಪವಾಸವಂತೂ ಬೇಡ. ಆದರೆ ಎಣ್ಣೆ, ಕೊಬ್ಬು ಜಾಸ್ತಿ ಇರುವುದನ್ನು ತಿಂದು ಹೋದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿ ಪರೀಕ್ಷೆಗಳಿಗೆ ತೊಡಕಾಗುತ್ತದೆ. ಸೂಜಿ ಚುಚ್ಚುವ 10ರಿಂದ 30 ನಿಮಿಷ ಮೊದಲು ಅರ್ಧ ಲೀಟರ್ ನೀರನ್ನು ಒಂದೇ ಸಲಕ್ಕೆ ಕುಡಿಯಿರಿ. ಹೊಟ್ಟೆಗೆ ಒಮ್ಮೆಲೇ ಇಳಿದ ನೀರು ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳನ್ನು ಸ್ವಲ್ಪ ಹೊತ್ತು ಚುರುಕಾಗಿಡುತ್ತದೆ. ಬೆಳಗಿನಿಂದ ಗುಟುಕು ಗುಟುಕಾಗಿ ಕುಡಿದದ್ದು ಈ ಕೆಲಸ ಮಾಡದು. ಮಲಗಿದ ಮೇಲೆ ಕಾಲ ಮೇಲೆ ಕಾಲು ಹಾಕಿ ತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ಐದು ಸೆಕೆಂಡು ಬಿಗಿಹಿಡಿದು ಐದು ಸೆಕೆಂಡು ಬಿಡುತ್ತಿರಿ, ಉಸಿರು ಕಟ್ಟಬೇಡಿ. ಮುಗಿದು ಏಳುವ ಮುಂಚೆಯೂ ಇದನ್ನೇ ಮಾಡಿ.

ಮುಗಿದ ಮೇಲೆ 15 ನಿಮಿಷ ಕೂರಲು ಹೇಳುವುದು ಬರೀ ಉಪಚಾರಕ್ಕಲ್ಲ. ಕೆಲವರಿಗೆ ತಲೆಸುತ್ತು ತಡವಾಗಿ, ಹೊರಟು ಹೋದ ಮೇಲೆ ಬರುತ್ತದೆ. ಮೆಟ್ಟಿಲಲ್ಲೋ ರಸ್ತೆಯಲ್ಲೋ ಬಿದ್ದರೆ ತಲೆಗೆ ಪೆಟ್ಟಾಗುತ್ತದೆ, ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅದೇ. ಸೂಚನೆ ಕಂಡ ತಕ್ಷಣ ಇದ್ದಲ್ಲೇ ನೆಲದ ಮೇಲೆ ಮಲಗಿ ಕಾಲು ಎತ್ತಿಡಿ. ಮುಖ ತೊಳೆಯುತ್ತೇನೆಂದು ಒಬ್ಬರೇ ಬಚ್ಚಲಿಗೆ ಹೋಗಲೇಬೇಡಿ. ಎತ್ತರದಲ್ಲಿ ನಿಂತು ಮಾಡುವ ಕೆಲಸ, ಭಾರೀ ವಾಹನ ಓಡಿಸುವುದು, ಜಿಮ್ ಅಂದು ಬೇಡ.

ಸೂಜಿ ದಪ್ಪನೆಯದೇ, ಸಾಮಾನ್ಯವಾಗಿ 16 ಗೇಜ್. ಮೊಣಕೈ ಒಳಭಾಗವನ್ನು ಒರೆಸಿದ ಔಷಧ ತಾನಾಗಿ ಒಣಗಬೇಕು, ಆಮೇಲೆ ಆ ಜಾಗ ಮುಟ್ಟಬೇಡಿ. ಚುಚ್ಚಿದಾಗ ಬೆರಳ ತುದಿಯವರೆಗೆ ಶಾಕ್ ಹೊಡೆದಂತೆ ನೋವು ಹರಿದರೆ ನರಕ್ಕೆ ತಾಗಿದೆ ಎಂದರ್ಥ. ಸಹಿಸಿಕೊಳ್ಳಬೇಡಿ, ಸೂಜಿ ತೆಗೆಯಲು ಹೇಳಿ. ಸೂಜಿ ತೆಗೆದ ಮೇಲೆ ಹಲವರು ಹತ್ತಿ ಇಟ್ಟು ಮೊಣಕೈ ಮಡಚುತ್ತಾರೆ. ಅದು ತಪ್ಪು. ಮಡಚಿದ ಕೈಯಲ್ಲಿ ಒತ್ತಡ ಸರಿಯಾಗಿ ಕೂರುವುದಿಲ್ಲ, ಬಿಡಿಸಿದಾಗ ರಂಧ್ರ ಮತ್ತೆ ತೆರೆದು ರಕ್ತ ಚರ್ಮದಡಿ ಸೋರಿ ನೀಲಿಗಟ್ಟುತ್ತದೆ. ಕೈ ನೆಟ್ಟಗಿಟ್ಟು, ಸ್ವಲ್ಪ ಮೇಲೆತ್ತಿ, ಬೆರಳಿನಿಂದ ಐದು ನಿಮಿಷ ಬಿಡದೆ ಒತ್ತಿ. ಆ ಕೈಯಲ್ಲಿ ಅಂದು ಭಾರ ಎತ್ತಬೇಡಿ.

ಹೆಚ್ಚಿನವರು ಯೋಚಿಸದ ವಿಷಯ ಕಬ್ಬಿಣಾಂಶ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪು ರಕ್ತಕಣಗಳಿಗೆ ಕೆಲವು ವಾರ ಬೇಕು. ಆದರೆ 450 ಮಿಲಿಯೊಂದಿಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗಿರುತ್ತದೆ. ಬರೀ ಆಹಾರದಿಂದ ಅದನ್ನು ತುಂಬಿಕೊಳ್ಳಲು ಹಲವು ತಿಂಗಳು ಹಿಡಿಯುತ್ತದೆ. ಬೆರಳು ಚುಚ್ಚಿ ನೋಡುವುದು ಹಿಮೋಗ್ಲೋಬಿನ್ ಮಾತ್ರ (100 ಮಿಲಿ ರಕ್ತಕ್ಕೆ 12.5 ಗ್ರಾಂ ಅಥವಾ ಅದರ ಆಸುಪಾಸಿನ ಮಿತಿ ಇರುತ್ತದೆ). ಅದು ಸರಿಯಿದ್ದರೂ ಒಳಗಿನ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದು ತಿಳಿಯುವುದು ಫೆರಿಟಿನ್ ಪರೀಕ್ಷೆಯಲ್ಲಿ. ಮುಟ್ಟಾಗುವ ಹೆಂಗಸರು ಮತ್ತು ಪದೇ ಪದೇ ಕೊಡುವವರು ಈ ಪರೀಕ್ಷೆ ಮಾಡಿಸಿಕೊಂಡು, ಕಬ್ಬಿಣದ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಎರಡು ದಾನಗಳ ನಡುವೆ ಮೂರು ತಿಂಗಳ ಅಂತರವಿದ್ದರೆ ಚೆನ್ನ, ಹೆಂಗಸರಿಗೆ ನಾಲ್ಕು ತಿಂಗಳು.

ಇನ್ನು ರಕ್ತ ಕೊಡುವ ಮುನ್ನ ತುಂಬುವ ಅರ್ಜಿಯ ಪ್ರಶ್ನೆಗಳು. ಇಲ್ಲಿ ಸಂಕೋಚ ಬೇಡವೇ ಬೇಡ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅತಿ ಸೂಕ್ಷ್ಮ ಪರೀಕ್ಷೆಗೂ ಎಚ್‌ಐವಿ ಸಿಗದ ಅವಧಿಯೊಂದಿದೆ. ಹೆಪಟೈಟಿಸ್ ಬಿಯಲ್ಲಿ ಅದು ಇನ್ನೂ ದೀರ್ಘ. ಆದ್ದರಿಂದ ತನಗೆ ಸೋಂಕಿದೆಯೇ ಎಂದು ತಿಳಿಯಲು ಯಾರೂ ರಕ್ತ ಕೊಡಬಾರದು. ಪರೀಕ್ಷೆಗೆ ಬೇರೆ ಜಾಗಗಳಿವೆ. ಇತ್ತೀಚಿನ ಹಚ್ಚೆ, ಹಲ್ಲು ಕೀಳಿಸಿದ್ದು, ಶಸ್ತ್ರಚಿಕಿತ್ಸೆ, ಲಸಿಕೆ, ಮಲೇರಿಯಾ, ಹೆರಿಗೆ, ಎಲ್ಲವನ್ನೂ ಹೇಳಿ. ನುಂಗುತ್ತಿರುವ ಮಾತ್ರೆಗಳನ್ನೂ ಹೇಳಿ. ಆಂಟಿಬಯಾಟಿಕ್ ಎಂದರೆ ಮೈಯಲ್ಲಿ ಸೋಂಕಿದೆ ಎಂಬ ಸುಳಿವು. ಆಸ್ಪಿರಿನ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಬಗ್ಗೆ ಹೇಳಲು ಬಹಳ ಮಂದಿ ಮರೆಯುತ್ತಾರೆ. ಆ ರಕ್ತ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಕೊಟ್ಟು ಬಂದ ಮೇಲೆ ಜ್ವರವೋ ಭೇದಿಯೋ ಬಂದರೆ, ಅಥವಾ ಹೇಳದೆ ಬಿಟ್ಟದ್ದೇನಾದರೂ ನೆನಪಾದರೆ, ರಕ್ತನಿಧಿಗೆ ಅಂದೇ ಫೋನ್ ಮಾಡಿ. ಕೆಂಪುಕಣಗಳು ತಣ್ಣಗೆ 35ರಿಂದ 42 ದಿನ ಕೆಡದಿದ್ದರೂ ಪ್ಲೇಟ್‌ಲೆಟ್‌ಗಳು ಸಾಮಾನ್ಯವಾಗಿ ಐದೇ ದಿನದೊಳಗೆ ಯಾರಿಗಾದರೂ ಹೋಗಿಬಿಡುತ್ತವೆ. ಬೇಗ ಹೇಳಿದರೆ ಆ ಚೀಲವನ್ನು ತೆಗೆದಿಡಬಹುದು.