ಆ ಜಾಹೀರಾತನ್ನು ಯಾಕೆ ವಾಪಸ್ ಕಳಿಸಿದೆವು?

ಓದುಗರ ಪತ್ರ: ಸಂಪಾದಕರೇ, ಸ್ಕೈಡೈವಿಂಗ್ ಸುರಕ್ಷತಾ ಸಾಧನವಾದ ಎಎಡಿಯ ಪೂರ್ಣಪುಟ ಜಾಹೀರಾತೊಂದನ್ನು ನೀವು ಹಾಕದೆ ವಾಪಸ್ ಕಳಿಸಿದಿರಿ ಎಂದು ಕೇಳಿದೆ. ಅದು ಜೀವ ಉಳಿಸುವ ವಸ್ತು. ನಾಲ್ಕು ಮಾತು ಜಾಸ್ತಿಯೇ ಹೇಳಿದ್ದರೂ, ಅದನ್ನು ಓದಿ ಹೊಸಬನೊಬ್ಬ ಕೊಂಡರೆ ಒಳ್ಳೆಯದೇ ಅಲ್ವಾ? ಪುಟ್ಟ, ವೇಗದ ಕ್ಯಾನೊಪಿಗಳ (ಪ್ಯಾರಾಚೂಟ್ ಬಟ್ಟೆಗಳ) ಜಾಹೀರಾತು ಹಾಕುವಾಗ ಇಲ್ಲದ ಮಡಿ ಇದಕ್ಕೆ ಮಾತ್ರ ಯಾಕೆ? ನನಗೆ ಲೈಸೆನ್ಸ್ ಸಿಕ್ಕಿ ಇನ್ನೂ ವರ್ಷ ಆಗಿಲ್ಲ. ನಮ್ಮಂಥವರನ್ನು ಚಿಕ್ಕ ಮಕ್ಕಳು ಅಂದುಕೊಂಡಿದ್ದೀರಾ? ಕೊನೆಗೊಂದು ಪ್ರಶ್ನೆ. ನನ್ನ ಮೊದಲ ರಿಗ್ (ಪ್ಯಾರಾಚೂಟ್‌ಗಳಿರುವ ಬೆನ್ನಚೀಲ) ಕೊಳ್ಳುತ್ತಿದ್ದೇನೆ, ಬಳಸಿದ್ದು. ಜೊತೆಗೆ ಹಳೆಯ ಎಎಡಿಯೂ ಬರುತ್ತದಂತೆ. ತೆಗೆದುಕೊಳ್ಳಬಹುದಾ?

ಸಂಪಾದಕರ ಉತ್ತರ:

ಪತ್ರ ಖಾರವಾಗಿದೆ. ಇರಲಿ, ಕೇಳಿದ್ದೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಜಾಹೀರಾತು ವಾಪಸ್ ಹೋಗಿರುವುದು ನಿಜ. ಹಾಕುವುದೇ ಇಲ್ಲ ಎಂದು ನಾವು ಹೇಳಿಲ್ಲ, ತಿದ್ದಿ ಕಳಿಸಿ ಎಂದಿದ್ದೇವೆ. ಕಂಪನಿಯ ಹೆಸರು ಇಲ್ಲಿ ಬೇಡ. ಈ ಧಾಟಿಯ ಮಾತನ್ನು ಒಂದೇ ಕಂಪನಿ ಆಡುತ್ತಿಲ್ಲ.

ಅದರಲ್ಲಿ ಏನಿತ್ತು ಎಂಬುದನ್ನು ನೀವು ನೋಡಿಲ್ಲ, ಹೇಳುತ್ತೇನೆ. ಆಕಾಶದಲ್ಲಿ ಕೈಕಾಲು ಚಾಚಿ ಬೀಳುತ್ತಿರುವ ಹುಡುಗಿ. ಕಣ್ಣು ಮುಚ್ಚಿದೆ, ಮುಖದಲ್ಲಿ ನಗು. ಕೆಳಗೆ ದಪ್ಪ ಅಕ್ಷರದಲ್ಲಿ 'ನೀವು ಮರೆತರೂ ಇದು ಮರೆಯುವುದಿಲ್ಲ. ಮೊದಲ ಜಂಪಿನಿಂದಲೇ ನಿಶ್ಚಿಂತೆ.' ಅಷ್ಟೇ. ಯಾವ ಎತ್ತರದಲ್ಲಿ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ, ಒಂದು ಅಕ್ಷರ ಇಲ್ಲ. (ಫ್ರೀಫಾಲ್‌ನಲ್ಲಿ ಕಣ್ಣು ಮುಚ್ಚಿಕೊಂಡ ವಿದ್ಯಾರ್ಥಿಯನ್ನು ಕಂಡರೆ ಇನ್‌ಸ್ಟ್ರಕ್ಟರ್ ನೆಲಕ್ಕಿಳಿದ ಕೂಡಲೇ ಬೈಯುತ್ತಾರೆ. ಅದನ್ನೇ ಪುಟದ ತುಂಬ ಹಾಕಿ ಹೊಸಬರಿಗೆ ತೋರಿಸುವ ಯೋಚನೆ ಯಾರಿಗೆ ಬಂತೋ.)

ಸಾಧನದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಎಎಡಿ ಇಲ್ಲದೆ ನಾನೂ ವಿಮಾನ ಹತ್ತುವುದಿಲ್ಲ. ಸ್ಕೈಡೈವಿಂಗ್ ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು: ಜಂಪ್ ಮಾಡಿದವರು ಯಾವುದೋ ಕಾರಣಕ್ಕೆ ತಾವೇ ಪ್ಯಾರಾಚೂಟ್ ಬಿಚ್ಚದೆ ಹೋದರೆ, ಬೆನ್ನಿನಲ್ಲಿರುವ ಎರಡನೆಯ ಪ್ಯಾರಾಚೂಟನ್ನು, ಅಂದರೆ ರಿಸರ್ವನ್ನು, ತಾನಾಗಿ ಬಿಡಿಸುವ ಸಣ್ಣ ಯಂತ್ರ ಇದು. ಹಿಂದೆಯೂ ಇಂಥವು ಇದ್ದವು. ಬೇಡದ ಹೊತ್ತಿನಲ್ಲಿ ಬಿಚ್ಚಿಬಿಡುತ್ತವೆ ಎಂಬ ಭಯಕ್ಕೆ ಅನುಭವಿಗಳು ಅವನ್ನು ಹತ್ತಿರ ಸೇರಿಸುತ್ತಿರಲಿಲ್ಲ. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋಟ್ ಅವರ ಸೈಪ್ರೆಸ್ ಎಂಬ ಎಎಡಿ ಮಾರುಕಟ್ಟೆಗೆ ಬಂದ ಮೇಲೆ ಆ ಅಪನಂಬಿಕೆ ಕರಗಿತು. ಅಮೆರಿಕದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಸ್ಕೈಡೈವರ್‌ಗಳು ಸಾಯುತ್ತಿದ್ದರು. 2023ರಲ್ಲಿ ಅಲ್ಲಿ 36 ಲಕ್ಷಕ್ಕೂ ಹೆಚ್ಚು ಜಂಪ್ ನಡೆದು, ಸತ್ತವರು 10 ಮಂದಿ. ತರಬೇತಿ, ರಿಗ್, ಕ್ಯಾನೊಪಿ ಎಲ್ಲವೂ ಸುಧಾರಿಸಿದ್ದರಿಂದ ಹೀಗಾಯಿತು. ಅದರಲ್ಲಿ ಎಎಡಿಗೂ ಪಾಲಿದೆ.

ಈಗ ಅದು ಕೆಲಸ ಮಾಡುವ ಬಗೆ. ಒಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದೆ. ನೆಲದ ಮೇಲೆ ಸ್ವಿಚ್ ಆನ್ ಮಾಡಿದಾಗ ಇದೇ ನೆಲಮಟ್ಟ ಎಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಎತ್ತರ ಮತ್ತು ಇಳಿಯುವ ವೇಗ, ಎರಡನ್ನೂ ಲೆಕ್ಕ ಹಾಕುತ್ತಲೇ ಇರುತ್ತದೆ. ಸೈಪ್ರೆಸ್‌ನ ಎಕ್ಸ್‌ಪರ್ಟ್ ಮಾದರಿ ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲಿ, ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಬೇರೆ ಕಂಪನಿಗಳ ಅಂಕಿ ಸ್ವಲ್ಪ ಹೆಚ್ಚುಕಡಿಮೆ. ಆಗ ಅದು ಮಾಡುವುದೂ ಒಂದೇ ಕೆಲಸ: ಸಣ್ಣ ಸಿಡಿಮದ್ದಿನ ಬಲದಿಂದ ಒಂದು ಬ್ಲೇಡನ್ನು ತಳ್ಳಿ, ರಿಸರ್ವ್ ಮುಚ್ಚಿರುವ ದಾರದ ಲೂಪನ್ನು ಕತ್ತರಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಸ್ಪ್ರಿಂಗ್ ಇರುವ ಪೈಲಟ್ ಚೂಟ್ ಎಂಬ ಪುಟ್ಟ ಪ್ಯಾರಾಚೂಟ್ ಚಿಮ್ಮಬೇಕು, ಗಾಳಿ ಹಿಡಿಯಬೇಕು, ರಿಸರ್ವನ್ನು ಎಳೆಯಬೇಕು, ಅದು ಅರಳಬೇಕು. ಇದೆಲ್ಲ ರಿಗ್ಗರ್ (ರಿಸರ್ವ್ ಮಡಚಿ ಪರೀಕ್ಷಿಸುವ ತಜ್ಞರು) ಅದನ್ನು ಹೇಗೆ ಮಡಚಿದ್ದಾರೆ, ನೀವು ಯಾವ ಭಂಗಿಯಲ್ಲಿ ಬೀಳುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ.

ಹೊಟ್ಟೆ ಕೆಳಗಾಗಿ ಬೀಳುವವರ ವೇಗ ಸೆಕೆಂಡಿಗೆ ಸುಮಾರು 54 ಮೀಟರ್. 225 ಮೀಟರ್ ಅಂದರೆ ನೆಲಕ್ಕೆ ಸುಮಾರು 4 ಸೆಕೆಂಡ್. ರಿಸರ್ವ್ ಅರಳಲು ಅದರಲ್ಲಿ ಎರಡು ಮೂರು ಸೆಕೆಂಡ್ ಹೋಗುತ್ತದೆ. ನಿಶ್ಚಿಂತೆ ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ.

ಇಷ್ಟು ಇಕ್ಕಟ್ಟಾಗಿ ಯಾಕೆ ಮಾಡಿದ್ದಾರೆ? ಕಾರಣ ಸರಳ. ಇನ್ನೂ ಮೇಲೆ ಕೆಲಸ ಮಾಡುವಂತೆ ಇಟ್ಟರೆ, ಸ್ವಲ್ಪ ತಡವಾಗಿ ಮೇನ್ (ಮೊದಲ ಪ್ಯಾರಾಚೂಟ್) ಬಿಚ್ಚಿದವರ ರಿಸರ್ವ್ ಕೂಡ ಹೊರಬಂದುಬಿಡುತ್ತದೆ. ಈಗಿನ ಸೆಟ್ಟಿಂಗ್‌ನಲ್ಲೂ ತೀರಾ ಕೆಳಗೆ ಮೇನ್ ಬಿಚ್ಚಿದರೆ ಹೀಗೆ ಆಗಬಹುದು. ಮೇನ್ ಇನ್ನೂ ಅರಳುತ್ತಿರುತ್ತದೆ, ವೇಗ ಇಳಿದಿರುವುದಿಲ್ಲ, ಎಎಡಿ ತನ್ನ ಕೆಲಸ ಮಾಡುತ್ತದೆ. ತಲೆಯ ಮೇಲೆ ಎರಡು ಕ್ಯಾನೊಪಿ. ಅವು ಒಂದಕ್ಕೊಂದು ಅಂಟಿಕೊಂಡು ಸುಮ್ಮನೆ ಹಾರಿದರೆ ಬಚಾವ್. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆದು ನೆಲದ ಕಡೆ ನುಗ್ಗಿದರೆ, ಇಳಿಯುವ ವೇಗ ಮೂಳೆ ಮುರಿಯುವುದಕ್ಕಿಂತ ಮುಂದೆ ಹೋಗುತ್ತದೆ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ 2013ರಲ್ಲಿ ಅನುಭವಿಗಳು ಮೇನ್ ಬಿಚ್ಚಬೇಕಾದ ಕನಿಷ್ಠ ಎತ್ತರವನ್ನು 2000 ಅಡಿಯಿಂದ 2500 ಅಡಿಗೆ ಏರಿಸಿತು. ಎ ಲೈಸೆನ್ಸಿನ ಹೊಸಬರಿಗೆ ಅಲ್ಲಿ 3000 ಅಡಿ. ಎಎಡಿ ಇದೆ ಎಂದು ಯಾರೂ ಆ ಎತ್ತರವನ್ನು ಕಡಿಮೆ ಮಾಡಿಲ್ಲ ಎಂಬುದನ್ನು ಗಮನಿಸಿ.

ಇನ್ನು ಅದು ಬಾಯಿಮುಚ್ಚಿ ಕೂರುವ ಸಂದರ್ಭಗಳು. ಹೊಸಬರಿಗೆ ಮುಖ್ಯವಾದ ಭಾಗ ಇದೇ. ನಿಮ್ಮ ಮೇನ್ ಅರ್ಧಂಬರ್ಧ ತೆರೆದುಕೊಂಡಿದೆ, ಗಿರಗಿರನೆ ಸುತ್ತುತ್ತಿದೆ ಅಂದುಕೊಳ್ಳಿ. ನೆಲಕ್ಕೆ ಇಳಿಯಲು ಆಗದಷ್ಟು ವೇಗ. ಆದರೂ ಸೆಕೆಂಡಿಗೆ 35 ಮೀಟರ್ ಇಲ್ಲದೆ ಇರಬಹುದು. ಎಎಡಿಯ ಪಾಲಿಗೆ ಎಲ್ಲ ಸರಿಯಾಗಿದೆ. ನೀವು ಟಾಗಲ್ (ಕ್ಯಾನೊಪಿ ತಿರುಗಿಸುವ ಹಿಡಿ) ಎಳೆಯುತ್ತಾ, ಲೈನ್ ಬಿಡಿಸುತ್ತಾ, ಸರಿಹೋಗುತ್ತೆ ಸರಿಹೋಗುತ್ತೆ ಎಂದುಕೊಳ್ಳುತ್ತಾ ಎತ್ತರ ಕಳೆದುಕೊಳ್ಳುತ್ತಿರುತ್ತೀರಿ. ಕೊನೆಗೆ ಗಾಬರಿಯಾಗಿ ತುಂಬಾ ಕೆಳಗೆ ಕಟ್‌ಅವೇ ಮಾಡುತ್ತೀರಿ, ಅಂದರೆ ಮೇನನ್ನು ಕಳಚಿ ಬಿಡುತ್ತೀರಿ. ಆಗ 35 ಮೀಟರ್ ವೇಗ ಮುಟ್ಟಲು ಕೆಲವು ಸೆಕೆಂಡ್ ಬೇಕು. ಎಎಡಿ ಎಚ್ಚರವಾಗುವ ಹೊತ್ತಿಗೆ ರಿಸರ್ವ್ ಅರಳಲು ಜಾಗವೇ ಉಳಿದಿರದೆ ಹೋಗಬಹುದು. ಹೊಸಬರು 2500 ಅಡಿಯ ಹೊತ್ತಿಗೆ ನಿರ್ಧಾರ ಮಾಡಿ ಮುಗಿಸಬೇಕು ಎಂದು ಯುಎಸ್‌ಪಿಎ ಹೇಳುವುದು ಇದಕ್ಕೇ. ಕಟ್‌ಅವೇ ಮಾಡಿದ ಕೂಡಲೇ ರಿಸರ್ವನ್ನು ಎಳೆಯುವ ಆರ್‌ಎಸ್‌ಎಲ್ ಇದ್ದರೆ ಈ ಸಂದರ್ಭದಲ್ಲಿ ಅದು ಎಎಡಿಗಿಂತ ಎಷ್ಟೋ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಕಟ್‌ಅವೇ ಹ್ಯಾಂಡಲ್ ಎಳೆಯುವ ಕೈ ನಿಮ್ಮದೇ.

ಹಾಗೆಯೇ, ಮೇನ್ ಚೆನ್ನಾಗಿ ತೆರೆದು, ನೆಲದ ಹತ್ತಿರ ಜೋರಾಗಿ ತಿರುಗಿಸಿ ಅಪ್ಪಳಿಸುವವರನ್ನು ಎಎಡಿ ಉಳಿಸುವುದಿಲ್ಲ. ಈ ಕಾಲದ ಸಾವುಗಳಲ್ಲಿ ಬಹಳಷ್ಟು ಆಗುತ್ತಿರುವುದು ಹೀಗೆ, ಯಾವ ದೋಷವೂ ಇಲ್ಲದ ಕ್ಯಾನೊಪಿಯ ಕೆಳಗೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಉತ್ಪ್ರೇಕ್ಷೆ ಓದಿ ಕೊಂಡರೂ ಸಾಧನ ಸಾಧನವೇ ಅಲ್ವಾ ಅಂತ ಕೇಳಿದ್ದೀರಿ. ಸಾಧನ ಅದೇ. ಅದನ್ನು ಕಟ್ಟಿಕೊಂಡವರು ಬದಲಾಗಿರುತ್ತಾರೆ. ಮೂರು ರಿಂಗಿನ ಕಟ್‌ಅವೇ ವ್ಯವಸ್ಥೆಯನ್ನೂ, ಕಳಚಿದ ಮೇನಿನ ಬಲದಿಂದಲೇ ರಿಸರ್ವ್ ಎಳೆಯುವ ಸ್ಕೈಹುಕ್ಕನ್ನೂ ಕೊಟ್ಟ ಬಿಲ್ ಬೂತ್ ಬಹಳ ಹಿಂದೆಯೇ ಒಂದು ಮಾತು ಹೇಳಿದ್ದರು: ಉಪಕರಣ ಸುರಕ್ಷಿತವಾದಷ್ಟೂ ಜಂಪರ್‌ಗಳು ಹೆಚ್ಚು ಅಪಾಯಕ್ಕೆ ಕೈ ಹಾಕುತ್ತಾರೆ, ಸಾವಿನ ಪ್ರಮಾಣ ಇದ್ದಲ್ಲೇ ಇರುತ್ತದೆ ಎಂಬ ಅರ್ಥದ್ದು. ಮೇಲೆ ಕೊಟ್ಟ ಅಂಕಿ ನೋಡಿದರೆ ಆ ಮಾತಿನ ಎರಡನೆಯ ಅರ್ಧ ಪೂರ್ತಿ ನಿಜವಾಗಲಿಲ್ಲ ಎಂದು ನನಗನಿಸುತ್ತದೆ. ಮೊದಲ ಅರ್ಧವನ್ನು ಮಾತ್ರ ಯಾವ ಡ್ರಾಪ್‌ಝೋನ್‌ನಲ್ಲಿ (ಜಂಪ್ ನಡೆಯುವ ಜಾಗದಲ್ಲಿ) ಬೇಕಾದರೂ ಕಾಣಬಹುದು. 'ಮರೆತರೂ ಪರವಾಗಿಲ್ಲ' ಎಂದು ಕಂಪನಿಯೇ ಹೇಳಿದರೆ, ಎತ್ತರ ನೋಡಿಕೊಳ್ಳುವ ಅಭ್ಯಾಸ ಇನ್ನೂ ಕೂಡುತ್ತಿರುವ ಹೊಸಬರ ತಲೆಯಲ್ಲಿ ಅದು ಒಂದು ಮೂಲೆಯಲ್ಲಿ ಕೂತುಬಿಡುತ್ತದೆ. ಅಭ್ಯಾಸ ಗಟ್ಟಿಯಾಗುವ ಮೊದಲೇ ಅದಕ್ಕೆ ರಜೆ ಕೊಟ್ಟಂತೆ.

ಎರಡನೆಯದು ವೇಗದ ಕ್ಯಾನೊಪಿಗಳ ಜಾಹೀರಾತು. ಅದಕ್ಕೆ ನಿಯಮ ಇಲ್ಲದೆ ಇಲ್ಲ. ಎಷ್ಟು ವಿಂಗ್ ಲೋಡಿಂಗಿಗೆ (ಕ್ಯಾನೊಪಿಯ ವಿಸ್ತೀರ್ಣಕ್ಕೆ ಎಷ್ಟು ತೂಕ), ಎಷ್ಟು ಅನುಭವ ಇದ್ದವರಿಗೆ ಎಂಬುದು ಮಾದರಿಯ ಹೆಸರಿನ ಪಕ್ಕದಲ್ಲೇ ಇರಬೇಕು ಎಂದು ಕೇಳುತ್ತೇವೆ. ಆದರೂ ಎರಡನ್ನೂ ನಾನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಪುಟ್ಟ ಕ್ಯಾನೊಪಿ ಕೊಳ್ಳುತ್ತೇನೆ ಎಂದು ನೀವು ಹೇಳಿ ನೋಡಿ. ಇನ್‌ಸ್ಟ್ರಕ್ಟರ್ ಬೇಡ ಅನ್ನುತ್ತಾರೆ, ರಿಗ್ಗರ್ ಹುಬ್ಬೇರಿಸುತ್ತಾರೆ, ಜೊತೆಗಾರರು ಜಗಳಕ್ಕೆ ಬರುತ್ತಾರೆ. ಎಎಡಿ ಕೊಳ್ಳುತ್ತೇನೆ ಎಂದರೆ ಎಲ್ಲರೂ ಭೇಷ್ ಅನ್ನುತ್ತಾರೆ. ಅದರ ಜಾಹೀರಾತು ಏನು ಹೇಳಿತು, ನೀವು ಏನು ನಂಬಿದಿರಿ ಎಂದು ಯಾರೂ ಕೇಳುವುದಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಬಂದ ಮಾತನ್ನು ತಡೆದು ನಿಲ್ಲಿಸುವವರು ದಾರಿಯಲ್ಲಿ ಯಾರೂ ಇಲ್ಲದ ಕಾರಣ, ಅದನ್ನು ಅಚ್ಚು ಹಾಕುವವರು ಕೇಳಬೇಕಾಗುತ್ತದೆ.

ಹೊಸಬರನ್ನು ಮಕ್ಕಳು ಅಂದುಕೊಂಡಿದ್ದೀರಾ ಎಂಬ ಮಾತು ನನಗೆ ಸ್ವಲ್ಪ ಚುಚ್ಚಿತು. ಇಲ್ಲ. ಬುದ್ಧಿಯಲ್ಲಿ ನಿಮಗೂ ನೂರಾರು ಜಂಪ್ ಮಾಡಿದವರಿಗೂ ವ್ಯತ್ಯಾಸವಿಲ್ಲ. ಆದರೆ ಇದೇ ಜಾಹೀರಾತನ್ನು ಅವರು ಓದಿದರೆ ಬಿಟ್ಟುಹೋದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. 225 ಮೀಟರ್, 35 ಮೀಟರ್ ವೇಗ, ಸರ್ವಿಸ್ ತಾರೀಖು ಎಲ್ಲ ಅವರ ತಲೆಯಲ್ಲಿ ಇರುತ್ತದೆ. ಅಮೆರಿಕದಲ್ಲಿ ಎ ಲೈಸೆನ್ಸ್ ಸಿಗಲು 25 ಜಂಪ್ ಸಾಕು. ಅಷ್ಟರೊಳಗೆ ಬೀಳುವುದು, ತಿರುಗುವುದು, ಬಿಚ್ಚುವುದು, ಇಳಿಯುವುದು, ಮಡಚುವುದು ಎಲ್ಲ ಕಲಿತಿರಬೇಕು. ಎಎಡಿಯ ಬಗ್ಗೆ ಮೊದಲ ದಿನದ ಪಾಠದಲ್ಲಿ ಹತ್ತು ನಿಮಿಷ ಕೇಳಿದ್ದು ಎಷ್ಟು ಉಳಿದಿರುತ್ತದೆ? ಅದರ ಮೇಲೆ ಪುಟದಷ್ಟು ದೊಡ್ಡ ನಗುಮುಖ ಬಂದು ಕೂತರೆ ಯಾವುದು ಗೆಲ್ಲುತ್ತದೆ?

ಹೆದರಿಸಿ ಮಾರುವುದನ್ನೂ ನಾವು ಒಪ್ಪುವುದಿಲ್ಲ. ಆಂಬುಲೆನ್ಸಿನ ಚಿತ್ರ, 'ಮನೆಯವರು ಕಾಯುತ್ತಿದ್ದಾರೆ' ಎಂಬ ಸಾಲು, ಇಂಥವು ಬರುತ್ತಲೇ ಇರುತ್ತವೆ. ಮೊದಲ ಸಲ ಮೇನ್ ಕೈಕೊಟ್ಟು ಕೈಕಾಲು ನಡುಗಿದ ವಾರದಲ್ಲಿ ಜಂಪರ್ ಏನು ಬೇಕಾದರೂ ಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ಬೇಕಾದದ್ದು ಇನ್‌ಸ್ಟ್ರಕ್ಟರ್ ಜೊತೆ ಒಂದು ಗಂಟೆ.

ಹೆಲ್ಮೆಟ್ ಮತ್ತು ಕಿವಿಯಲ್ಲಿ ಬೀಪ್ ಮಾಡುವ ಆಲ್ಟಿಮೀಟರ್ (ಎತ್ತರ ಅಳೆಯುವ ಸಾಧನ) ಜಾಹೀರಾತಿಗೂ ಇದೇ ಅಳತೆ. ಹೆಲ್ಮೆಟ್ ಯಾವ ಪರೀಕ್ಷೆ ಪಾಸಾಗಿದೆ ಎಂದು ಹೇಳಲಿ, ಇಲ್ಲವಾದರೆ 'ಸುರಕ್ಷಿತ' ಎಂಬ ಮಾತು ಬಿಡಲಿ. ಬೀಪ್ ಕೇಳದೆ ಹೋಗಬಹುದು, ಬ್ಯಾಟರಿ ಸಾಯಬಹುದು. ಕೈಯಲ್ಲಿರುವ ಆಲ್ಟಿಮೀಟರ್ ನೋಡುವುದಕ್ಕೆ ಅದು ಬದಲಿ ಎಂಬಂತೆ ಬರೆದಿದ್ದರೆ ಹಾಕುವುದಿಲ್ಲ.

ಕಂಪನಿಗೆ ನಾವು ಕೇಳಿದ್ದು ತೀರಾ ದೊಡ್ಡದೇನಲ್ಲ. ಕಣ್ಣು ಮುಚ್ಚಿದ ಚಿತ್ರ ತೆಗೆಯಿರಿ. 'ಮರೆತರೂ' ಬಿಡಿ. ಕೆಲಸ ಮಾಡುವ ಎತ್ತರ ಮತ್ತು ವೇಗವನ್ನು, ಅದಕ್ಕಿಂತ ನಿಧಾನವಾಗಿ ಇಳಿಯುವಾಗ ಕೆಲಸ ಮಾಡುವುದಿಲ್ಲ ಎಂಬುದನ್ನು, ಓದಲು ಬರುವ ಅಕ್ಷರದಲ್ಲಿ ಹಾಕಿ. ಸ್ಟೂಡೆಂಟ್ ಮತ್ತು ಎಕ್ಸ್‌ಪರ್ಟ್ ಮಾದರಿ ಬೇರೆ ಬೇರೆ ಎಂದು ಹೇಳಿ. ಇದು ಸಣ್ಣ ವಿಷಯವಲ್ಲ. ಸೈಪ್ರೆಸ್‌ನಲ್ಲಿ ಸ್ಟೂಡೆಂಟ್ ಮಾದರಿ ಸೆಕೆಂಡಿಗೆ 13 ಮೀಟರ್ ವೇಗಕ್ಕೇ ಕೆಲಸ ಮಾಡುತ್ತದೆ. ವಿಮಾನ ಜಂಪರ್‌ಗಳನ್ನು ಹೊತ್ತುಕೊಂಡೇ ವಾಪಸ್ ಇಳಿಯುವಾಗ ಅದನ್ನು ಆಫ್ ಮಾಡಲು ಮರೆತರೆ ವಿಮಾನದೊಳಗೇ ರಿಸರ್ವ್ ಬಿಚ್ಚಿಕೊಳ್ಳಬಹುದು.

ಇಷ್ಟು ಬರೆದರೆ ಯಾರೂ ಕೊಳ್ಳುವುದಿಲ್ಲ ಎಂದು ಅವರ ಕಡೆಯವರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ತನ್ನ ಮಿತಿಯನ್ನು ತಾನೇ ಹೇಳುವ ಕಂಪನಿಯ ಪೆಟ್ಟಿಗೆಯನ್ನು ನಾನು ಬೆನ್ನಿಗೆ ಕಟ್ಟಿಕೊಳ್ಳುತ್ತೇನೆ. ಹೊಸ ಕರಡು ಕಳಿಸಿದ್ದಾರೆ, ಚಿತ್ರ ಬದಲಾಗಿದೆ, ಅಂಕಿಗಳು ಬಂದಿವೆ. 'ನಿಶ್ಚಿಂತೆ' ಇನ್ನೂ ಹೋಗಿಲ್ಲ. ಮಾತುಕತೆ ನಡೆಯುತ್ತಿದೆ.

ಇನ್ನು ನಿಮ್ಮ ಹಳೆಯ ಎಎಡಿ. ಮೊದಲು ತಯಾರಾದ ತಾರೀಖು ನೋಡಿ. ಇವಕ್ಕೆ ಆಯಸ್ಸು ಇದೆ. ಮಾದರಿಯನ್ನು ನೋಡಿಕೊಂಡು ಸುಮಾರು 12ರಿಂದ 20 ವರ್ಷ. ಮಾರುವವರು 'ಚೆನ್ನಾಗಿ ಕೆಲಸ ಮಾಡುತ್ತಿದೆ' ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಿಂದೆಂದೂ ಕತ್ತರಿಸದ ಎಎಡಿ ಕೆಲಸ ಮಾಡುತ್ತದೋ ಇಲ್ಲವೋ ಅವರಿಗೆ ಹೇಗೆ ಗೊತ್ತು? ನಡುವೆ ಸರ್ವಿಸ್ ಕಡ್ಡಾಯವಾದ ಮಾದರಿಯಾದರೆ ಅದರ ದಾಖಲೆ ಕೇಳಿ. ಎಕ್ಸ್‌ಪರ್ಟ್ ಮಾದರಿಯೇ, ಅತಿವೇಗದ ಕ್ಯಾನೊಪಿಯವರಿಗೆ ಮಾಡಿದ ಮಾದರಿಯೇ ನೋಡಿ. ಎರಡನೆಯದು ನಿಮಗಲ್ಲ. ದುಡ್ಡು ಕೊಡುವ ಮೊದಲು ನಿಮ್ಮ ರಿಗ್ಗರ್ ಕೈಗೆ ರಿಗ್ ಮತ್ತು ಎಎಡಿ ಎರಡನ್ನೂ ಕೊಟ್ಟು, ಆ ಕಂಟೇನರಿಗೆ (ಪ್ಯಾರಾಚೂಟ್ ತುಂಬುವ ಚೀಲ) ಈ ಎಎಡಿಯನ್ನು ಕಂಟೇನರ್ ತಯಾರಕರು ಒಪ್ಪಿದ್ದಾರೆಯೇ ಎಂದು ಕೇಳಿ. ಎಲ್ಲ ಕಂಟೇನರ್ ಕಂಪನಿಗಳೂ ಎಲ್ಲ ಎಎಡಿಗಳನ್ನೂ ಒಪ್ಪುವುದಿಲ್ಲ. ಎಲ್ಲ ಸರಿಯಿದ್ದರೆ ಉಳಿದ ವರ್ಷಗಳ ಲೆಕ್ಕದಲ್ಲಿ ಬೆಲೆ ಇಳಿಸಿ ಕೊಳ್ಳಿ. ಆಮೇಲೆ ಪ್ರತಿ ದಿನ ಜಂಪ್ ಮಾಡುವ ಜಾಗಕ್ಕೆ ಹೋಗಿ ಅಲ್ಲೇ ಆನ್ ಮಾಡಿ, ಹೊರಡುವಾಗ ಮನೆಯಲ್ಲಿ ಬೇಡ. ಎರಡೂ ಕಡೆ ನೆಲಮಟ್ಟ ಒಂದೇ ಇರುವುದಿಲ್ಲ.