ನಾಲ್ಕು ಕಂಪ್ಯೂಟರಿಗೆ ಒಂದೇ ಸುರಂಗದ ನೀರು ಸಾಕಾ?

ಪ್ರಶ್ನೆ: ಸರ್, ನಮ್ಮ ಮನೆ ಪೆರ್ಲದ ಹತ್ತಿರ. ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ, ಒಂದೇ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇವೆ. ರೆಂಡರಿಂಗಿಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡಲಿಕ್ಕೆ) ಇಟ್ಟರೆ ಕೂರಲಿಕ್ಕಾಗದಷ್ಟು ಸೆಕೆ. ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ ಟಾಂಕಿಗೆ ನೀರು ತನ್ನಷ್ಟಕ್ಕೇ ಬರುತ್ತದೆ. ಅದನ್ನೇ ನಾಲ್ಕಕ್ಕೂ ಹಾಯಿಸಿ ತೋಟಕ್ಕೆ ಬಿಡಬಹುದಾ? ಅಥವಾ ಸುಮ್ನೆ ಎಸಿ ಹಾಕಿಸಲಾ?

ಉತ್ತರ: ಬಿಡಬಹುದು. ಆದರೆ ಸುರಂಗದ ನೀರು ಕಂಪ್ಯೂಟರಿನ ಒಳಗೆ ಹೋಗಬಾರದು, ಬಾಗಿಲವರೆಗೆ ಬಂದು ವಾಪಸ್ ಹೋಗಬೇಕು. ನಾನು ಹಿಂದೆ ಒಮ್ಮೆ ಆಸೆ ಮಾಡಿ ಬಾವಿ ನೀರನ್ನು ನೇರ ಹಾಯಿಸಿದ್ದೆ. ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ವಾಟರ್ ಬ್ಲಾಕಿನೊಳಗೆ ಬಾಚಣಿಗೆಯಂಥ ತಾಮ್ರದ ಹಲ್ಲುಗಳಿರುತ್ತವೆ, ಎರಡು ಹಲ್ಲಿನ ನಡುವೆ ಅರ್ಧ ಮಿಲಿಮೀಟರೂ ಜಾಗ ಇಲ್ಲ. ಕೆಲವೇ ವಾರಗಳಲ್ಲಿ ಬಿಚ್ಚಿ ನೋಡಿದರೆ ಅಲ್ಲೆಲ್ಲ ಕೆಂಪು ಲೋಳೆ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ನೀರಿನ ಜೊತೆ ಕಬ್ಬಿಣದ ಅಂಶವೂ ಬರುತ್ತದೆ, ಅಲ್ವಾ?

ಹಾಗಾಗಿ ಎರಡು ನೀರು ಬೇರೆ ಬೇರೆ ಇರಲಿ. ಒಳಗೆ ಡಿಸ್ಟಿಲ್ಡ್ ವಾಟರ್, ಅದಕ್ಕೆ ತುಕ್ಕು ಮತ್ತು ಪಾಚಿ ತಡೆಯುವ ದ್ರವ ಸೇರಿಸಿ. ಅದು ಒಂದು ಪಂಪಿನಿಂದ ಅಲ್ಲೇ ಸುತ್ತುತ್ತಿರುತ್ತದೆ. ಹೊರಗೆ ಸುರಂಗದ ನೀರು. ಎರಡೂ ಸೇರದೆ ಬಿಸಿ ಮಾತ್ರ ದಾಟಿಸಲಿಕ್ಕೆ ನಡುವೆ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್, ಅದಕ್ಕೂ ಮೊದಲು ಒಂದು ಜಾಲರಿ ಫಿಲ್ಟರ್. ಇದರಿಂದ ಇನ್ನೊಂದು ಲಾಭ: ಟಾಂಕಿ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಹತ್ತಿರ ಹತ್ತಿರ 1 ಬಾರ್ ಒತ್ತಡ ಬರುತ್ತದೆ. ಕಂಪ್ಯೂಟರಿನ ಮೆತ್ತನೆ ಪೈಪಿಗೆ ಅದು ಬೇಡದ ತಲೆನೋವು, ಎಕ್ಸ್‌ಚೇಂಜರಿಗೆ ಅದೊಂದು ಲೆಕ್ಕವೇ ಅಲ್ಲ.

ನೀರು ಸಾಕಾ ಎಂದು ಬಕೆಟ್ ಇಟ್ಟು ನೋಡಿ. 10 ಲೀಟರ್ ತುಂಬಲು ಎರಡು ನಿಮಿಷ ಬೇಕಾದರೆ ನಿಮಿಷಕ್ಕೆ 5 ಲೀಟರ್. ನಿಮಿಷಕ್ಕೆ 1 ಲೀಟರ್ ನೀರು ಒಂದು ಡಿಗ್ರಿ ಬಿಸಿಯಾದರೆ ಸುಮಾರು 70 ವ್ಯಾಟ್ ಹೊತ್ತುಕೊಂಡು ಹೋಗುತ್ತದೆ. ಕಂಪ್ಯೂಟರ್ ಒಂದಕ್ಕೆ 400 ವ್ಯಾಟ್ ಹಿಡಿದರೂ ನಾಲ್ಕಕ್ಕೆ 1600. ಅಂದರೆ ನೀರು ಐದು ಡಿಗ್ರಿಯೂ ಏರುವುದಿಲ್ಲ, ಅಡಿಕೆ ಮರಕ್ಕೆ ಗೊತ್ತೂ ಆಗುವುದಿಲ್ಲ. ಆದರೆ ಈ ಬಕೆಟ್ ಪರೀಕ್ಷೆ ಏಪ್ರಿಲ್‌ನಲ್ಲಿ ಮಾಡಿ, ಜುಲೈಯಲ್ಲಿ ಅಲ್ಲ! ಬೇಸಿಗೆಯಲ್ಲಿ ಸುರಂಗದ ನೀರು ಸಣ್ಣಗಾಗುವುದಾದರೆ ಫ್ಯಾನ್ ಇರುವ ರೇಡಿಯೇಟರ್ ಒಂದನ್ನೂ ಸೇರಿಸಿಡಬೇಕು. ಗುಜರಿಯಿಂದ ಕಾರಿನ ರೇಡಿಯೇಟರ್ ಮಾತ್ರ ತರಬೇಡಿ. ಅದು ಹೆಚ್ಚಾಗಿ ಅಲ್ಯುಮಿನಿಯಂ, ನಿಮ್ಮ ಬ್ಲಾಕ್ ತಾಮ್ರ. ಒಂದೇ ನೀರಿನಲ್ಲಿ ಎರಡೂ ಇದ್ದರೆ ಅಲ್ಯುಮಿನಿಯಂ ಸವೆದು ತೂತಾಗುತ್ತದೆ.

ಇನ್ನು ಒಳಗಿನ ನೀರನ್ನು ನಾಲ್ಕಕ್ಕೆ ಹಂಚುವುದು. ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಜೋಡಿಸಿದರೆ ಕೊನೆಯದಕ್ಕೆ ಬಿಸಿ ನೀರೇ ಗತಿ, ಒಂದನ್ನು ರಿಪೇರಿಗೆ ತೆಗೆದರೆ ನಾಲ್ಕೂ ಬಂದ್. ಆದ್ದರಿಂದ ಒಂದು ದಪ್ಪ ಪೈಪಿನಿಂದ ನಾಲ್ಕು ಕವಲು ತೆಗೆಯಿರಿ. ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದವರಿಗೆ ಇಲ್ಲಿನ ತೊಂದರೆ ಹೇಳಿಕೊಡಬೇಕಾಗಿಲ್ಲ: ಪಂಪಿನ ಹತ್ತಿರದ್ದು ಜೋರು ತಿರುಗುತ್ತದೆ, ಕೊನೆಯದು ಬರೀ ತೊಟ್ಟಿಕ್ಕುತ್ತದೆ. ಅದಕ್ಕೆ ಉಪಾಯ, ನೀರು ಮೊದಲು ಹೋಗುವ ಕಂಪ್ಯೂಟರಿನಿಂದ ಅದು ಕೊನೆಯಲ್ಲಿ ವಾಪಸ್ ಬರುವ ಹಾಗೆ ಪೈಪ್ ಎಳೆಯುವುದು. ಆಗ ನಾಲ್ಕಕ್ಕೂ ದಾರಿಯ ಉದ್ದ ಒಂದೇ ಆಗುತ್ತದೆ. ಪ್ರತಿ ಕವಲಿಗೂ ಬಿಚ್ಚಿದಾಗ ಎರಡೂ ಬದಿ ತಾನೇ ಮುಚ್ಚಿಕೊಳ್ಳುವ ಕ್ವಿಕ್ ಕನೆಕ್ಟರ್ ಹಾಕಿ. ದುಬಾರಿ, ಆದರೆ ಇಲ್ಲಿ ಜಿಪುಣತನ ಬೇಡ.

ಪಂಪಿಗೆ ಯಾವ ಕಂಪ್ಯೂಟರಿನಿಂದಲೂ ಕರೆಂಟು ಕೊಡಬೇಡಿ. ಆ ಒಂದು ಆಫ್ ಆದರೆ ಉಳಿದ ಮೂರಕ್ಕೂ ನೀರಿಲ್ಲ. ಬೇರೆಯೇ ಪವರ್ ಸಪ್ಲೈ ಇರಲಿ, ಯುಪಿಎಸ್ ಮೇಲೆ. ನೀರು ನಿಂತ ಕೂಡಲೇ ಹೊಗೆ ಬರುತ್ತದೆ ಎಂಬ ಹೆದರಿಕೆ ಬೇಡ, ಈಗಿನ ಪ್ರೊಸೆಸರ್ ಬಿಸಿ ಜಾಸ್ತಿಯಾದರೆ ತಾನೇ ನಿಧಾನವಾಗಿ ಕೊನೆಗೆ ಆಫ್ ಆಗುತ್ತದೆ. ನಿಮ್ಮ ರೆಂಡರ್ ಹೋಯಿತು, ಅಷ್ಟೇ.

ನಮ್ಮ ಊರಿಗೆ ದೊಡ್ಡ ಅಪಾಯ ಬೇರೆಯೇ ಇದೆ. ಆಟಿ ತಿಂಗಳ ಮಳೆಗೆ ಕೋಣೆ 28 ಡಿಗ್ರಿ, ತೇವ ಶೇಕಡ 85 ಇದ್ದರೆ, 25 ಡಿಗ್ರಿಯ ಪೈಪಿನ ಮೇಲೂ ಬೆವರು ಕಟ್ಟುತ್ತದೆ. ಸುರಂಗದ ನೀರು ಅದರ ಹತ್ತಿರವೇ ಇರಬಹುದು, ಥರ್ಮಾಮೀಟರ್ ಹಾಕಿ ನೋಡಿ. ಒಳಗಿನ ನೀರು ಯಾವಾಗಲೂ ಕೋಣೆಗಿಂತ ಎರಡು ಮೂರು ಡಿಗ್ರಿ ಜಾಸ್ತಿಯೇ ಇರಲಿ, 35 ಆದರೂ ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ತಣ್ಣಗಿದ್ದಷ್ಟೂ ಒಳ್ಳೆಯದು ಎಂದು ಸುರಂಗದ ನಳ್ಳಿ ಪೂರ್ತಿ ತಿರುಗಿಸಿಡಬೇಡಿ, ಕೆಲಸ ಮುಗಿದ ಮೇಲೆ ಮುಚ್ಚಿ.

ಎಸಿ? ಎರಡೇ ಕಂಪ್ಯೂಟರ್ ಇದ್ದಿದ್ದರೆ ಹಾಕಿಸಿ ಎನ್ನುತ್ತಿದ್ದೆ. ನಾಲ್ಕು ಇರುವಾಗ, ನೀರು ಪುಕ್ಕಟೆ ಸಿಗುವಾಗ ಈ ಕೆಲಸ ಮಾಡಬಹುದು. ರ್‍ಯಾಮ್, ಪವರ್ ಸಪ್ಲೈಗಳ ಬಿಸಿ ಹೇಗೂ ಕೋಣೆಗೇ ಬರುತ್ತದೆ, ಅದಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಸಾಕು. ಜೋಡಿಸಿದ ಮೇಲೆ ಕಂಪ್ಯೂಟರ್ ಆನ್ ಮಾಡದೆ ಒಂದಿಡೀ ದಿನ ಪಂಪ್ ಮಾತ್ರ ಓಡಿಸಿ, ಪ್ರತಿ ಜಾಯಿಂಟಿನ ಕೆಳಗೂ ಒಣ ಪೇಪರ್ ಇಟ್ಟು. ಪೇಪರ್ ಒದ್ದೆಯಾದರೆ ಆ ಜಾಯಿಂಟ್ ಬಿಗಿ ಮಾಡಿ ಮತ್ತೆ ಒಂದು ದಿನ.